ಹಿಪ್ಪುನೇರಳೆ ಮೇಲೆ ನಿಂತ ಹೆಲಿಕಾಪ್ಟರ್

ಬಾಲರಾಜುವಿಗೆ ಹೆಸರಿಟ್ಟವರು ಮುಂದಾಲೋಚನೆಯಿಂದಲೇ ಇಟ್ಟಿರಬೇಕು. ನಲವತ್ತೆಂಟನೆಯ ವಯಸ್ಸಿನಲ್ಲಿ ಅವನ ಕೈಗೊಂದು ರಿಮೋಟ್ ಹೆಲಿಕಾಪ್ಟರ್ ಬಂತು. ಮೊದಲ ಎಂಟು ತಿಂಗಳು ಅವನು ಅದರ ಬಾಲಕ್ಕೆ ಮಾತ್ರ ರಾಜನಾಗಿದ್ದ. ಬಾಲ ತನ್ನ ಕಡೆಗಿದ್ದು ಮೂತಿ ಅತ್ತ ಕಡೆಗಿದ್ದರೆ ಹೆಲಿ ಹೇಳಿದ ಹಾಗೆ ಕೇಳುತ್ತಿತ್ತು. ಮೂತಿಯನ್ನು ಇತ್ತ ತಿರುಗಿಸಿದನೋ, ಎಡವೆಲ್ಲ ಬಲ, ಬಲವೆಲ್ಲ ಎಡ. ಎಡಕ್ಕೆ ಬಾ ಎಂದರೆ ಬಲಕ್ಕೆ ಹೋಗುವುದು, ಮುಂದೆ ಹೋಗು ಎಂದರೆ ನೇರ ಎದೆಗೆ ನುಗ್ಗುವುದು. ಮದುವೆಯಾಗಿ ಇಪ್ಪತ್ತೈದು ವರ್ಷವಾದವನಿಗೆ ಇದು ಅಷ್ಟೇನೂ ಹೊಸ ಅನುಭವವಲ್ಲ; ಆದರೂ ಹೆಂಡತಿಗೆ ರೆಕ್ಕೆಗಳಿರಲಿಲ್ಲ.

ಹುಣಸೆದೊಡ್ಡಿ ಹಾರೋಹಳ್ಳಿಗೂ ಕನಕಪುರಕ್ಕೂ ನಡುವೆ, ಮುಖ್ಯರಸ್ತೆಯಿಂದ ಎರಡು ಮೈಲಿ ಒಳಗಿದೆ. ಬಾಲರಾಜು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಬೆಳಗಿನ ಪಾಳಿ ಮುಗಿಸಿ, ಕಂಪನಿ ಬಸ್ಸಿಳಿದು, ಮೂರೂವರೆಗೆಲ್ಲ ಮನೆಯಲ್ಲಿರುತ್ತಾನೆ. ಮಗಳನ್ನು ಮಾಗಡಿ ಕಡೆಯ ತಿಪ್ಪಸಂದ್ರಕ್ಕೆ ಕೊಟ್ಟಾಗಿದೆ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುವುದಿಲ್ಲ. ಇಂಥವನಿಗೆ ಊರಿನಲ್ಲಿ ಒಳ್ಳೆಯ ಹೆಸರಿರುತ್ತದೆ. ಕೆಟ್ಟದ್ದಕ್ಕೆ ಬಿಡುವು ಸಿಗದೆ ಉಳಿದುಬಿಡುವ ಒಳ್ಳೆಯ ಹೆಸರು. ಪುಣೆಗೆ ವರ್ಗವಾದ ಮ್ಯಾನೇಜರೊಬ್ಬರು ಮನೆ ಖಾಲಿ ಮಾಡುವಾಗ ಈ ಹೆಲಿಕಾಪ್ಟರನ್ನು ಅವನ ಕೈಗಿಟ್ಟು, "ನಿನ್ನ ಹತ್ತಿರ ಇದು ಹಾಳಾಗಲ್ಲ" ಎಂದು ಹೋದರು. ಅದು ಹಾಳಾಗಲಿಲ್ಲ, ನಿಜ. ಹಾಳಾದದ್ದು ಬೇರೆ.

ಇದು ಅಂಗಡಿಯಲ್ಲಿ ಮಕ್ಕಳಿಗೆ ಸಿಗುವ ಬ್ಯಾಟರಿಯ ಆಟಿಕೆಯಲ್ಲ. ಮೂರಡಿ ಉದ್ದ, ಹೊಟ್ಟೆಯಲ್ಲಿ ನಿಜವಾದ ಪುಟ್ಟ ಇಂಜಿನ್ನು. ಮೆಥನಾಲಿಗೆ ಹರಳೆಣ್ಣೆ ಬೆರೆಸಿದ ಇಂಧನ ಕುಡಿದು, ಸುಟ್ಟ ಹರಳೆಣ್ಣೆಯನ್ನು ಹೊಗೆಕೊಳವೆಯಿಂದ ಹಿಂದಕ್ಕೆ, ಬಾಲದ ಕಡೆಗೆ, ಸಣ್ಣಗೆ ಉಗುಳುತ್ತದೆ. ಎಂಟು ತಿಂಗಳು ಆ ಬಾಲ ಬಾಲರಾಜುವಿನ ಕಡೆಗೇ ಇತ್ತಲ್ಲ, ಅವನ ಒಂದೊಂದು ಅಂಗಿಯ ಎದೆಯ ಮೇಲೂ ಕಂದು ಚುಕ್ಕೆ. ಒಗೆದು ಸಾಕಾದ ಹೆಂಡತಿ ಲತಾಮಣಿ ಒಮ್ಮೆ ನಲ್ಲಿಯ ಹತ್ತಿರ, "ನಮ್ಮನೇವ್ರ ಎಣ್ಣೆ ಕಾಟ ತಡ್ಯಕಾಗಲ್ಲ ಕಣ್ರೇ" ಎಂದದ್ದೇ ತಡ, ಬಾಲರಾಜು ಕುಡಿಯಲು ಶುರು ಮಾಡಿದ್ದಾನೆಂದು ಊರು ಒಂದು ವಾರ ಖುಷಿಪಟ್ಟಿತು.

ಹಾರಿಸಲು ಅವನು ಆರಿಸಿಕೊಂಡ ಜಾಗ ಮನೆಯ ಹಿಂದಿನ ಖಾಲಿ ಸೈಟು. ಅದರ ಬೇಲಿಯಾಚೆಗೆ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನವರ ರೇಷ್ಮೆ ಕಡ್ಡಿ ತೋಟ. ಸೊಂಟದೆತ್ತರಕ್ಕೆ ಹಿಪ್ಪುನೇರಳೆ ಒತ್ತಾಗಿ ಬೆಳೆದಿತ್ತು. ನೆಲಕ್ಕೆ ಬಿದ್ದರೆ ಹೆಲಿಕಾಪ್ಟರಿನ ರೆಕ್ಕೆ ಮುರಿಯುತ್ತದೆ, ಗೇರು ಹಲ್ಲು ಕಳೆದುಕೊಳ್ಳುತ್ತದೆ. ಹಿಪ್ಪುನೇರಳೆಯ ಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಗಿಡ ಅದನ್ನು ಹತ್ತಿ ಹಾಸಿಗೆಯ ಹಾಗೆ ಹಿಡಿದುಕೊಳ್ಳುತ್ತದೆ. ಬಾಲರಾಜು ಇದನ್ನು ಕಂಡುಕೊಂಡ ದಿನ ತನ್ನ ಬುದ್ಧಿಗೆ ತಾನೇ ತಲೆದೂಗಿದ. ಬೇಲಿಯ ಈಚೆ ತಾನು, ಆಚೆ ಸೊಪ್ಪಿನ ಸಾಲುಗಳ ಮೇಲೆ ಹೆಲಿಕಾಪ್ಟರು. ಕೈಯಲ್ಲಿ ರಿಮೋಟಿನ ಎರಡು ಕಡ್ಡಿ, ಎದುರಿಗೆ ರೇಷ್ಮೆ ಕಡ್ಡಿ.

ಮೂತಿ ತಿರುಗಿಸುವ ವಿದ್ಯೆ ಕಲಿತದ್ದು ಚನ್ನಪಟ್ಟಣದಲ್ಲಿ. ಅಲ್ಲಿ ಬೊಂಬೆ ಕಡೆಯುವ ಸನಾವುಲ್ಲಾ, ಐಟಿಐನಲ್ಲಿ ಇವನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಕಲಿಯುವವರ ಹೆಲಿಕಾಪ್ಟರಿನ ಕಾಲಿಗೆ ಎರಡು ಉದ್ದನೆಯ ಕೋಲುಗಳನ್ನು ಅಡ್ಡಡ್ಡ ಕಟ್ಟಿ ನಾಲ್ಕು ತುದಿಗೂ ಒಂದೊಂದು ಚೆಂಡು ಸಿಕ್ಕಿಸುತ್ತಾರೆ, ವಾಲಿದರೂ ಮಗುಚದಿರಲಿ ಎಂದು. ಆ ಚೆಂಡುಗಳನ್ನು ಸನಾವುಲ್ಲಾ ಆಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಿಡಿಸಿ ಕೊಟ್ಟಿದ್ದ. ಮುಂದಿನವು ಕೆಂಪು, ಹಿಂದಿನವು ಹಳದಿ.

"ಕೆಂಪು ನಿನ್ ಕಡೆ ಬಂದಾಗ ಕೈ ಯಾಕೆ ನಡುಗ್ತದೆ?" ಎಂದು ಸನಾವುಲ್ಲಾ ಕೇಳಿದ್ದ.

"ಎಡ ಯಾವ್ದು, ಬಲ ಯಾವ್ದು ತಿಳಿಯಲ್ಲ ಕಣ್ಲಾ."

"ಮೂವತ್ತು ವರ್ಷದಿಂದ ಬೊಂಬೆಗೆ ಮೂಗುತಿ ಇಡ್ತಾ ಇದೀನಿ. ಬೊಂಬೆ ಎಡ ಬೇರೆ, ನನ್ ಎಡ ಬೇರೆ. ಯೋಚ್ನೆ ಮಾಡಿದ್ರೆ ಮೂಗುತಿ ಕಿವಿಗೆ ಹೋಗ್ತದೆ. ನೀನು ಎಡ ಬಲ ಬಿಟ್ಟಾಕು. ಅದು ಯಾವ ಕಡೆ ವಾಲ್ತದೋ ಆ ಕಡೆ ಕಡ್ಡಿ ಒತ್ತು. ವಾಲಿದ ಬಾಳೆಗಿಡಕ್ಕೆ ಊರುಗೋಲು ಕೊಡಲ್ವಾ, ಹಂಗೆ. ಬೀಳೋ ಕಡೆ ಕೋಲು ಕೊಡು, ಎದ್ದು ನಿಲ್ತದೆ."

ಬೀಳುವ ಕಡೆಗೆ ಕೋಲು. ಯೂಟ್ಯೂಬಿನ ನಾಲ್ಕು ಭಾಷೆಗಳಲ್ಲಿ ಸಿಗದ ಸೂತ್ರ ಲೇತಿನ ಮುಂದೆ ಸಿಕ್ಕಿತ್ತು. ಅಲ್ಲಿಂದ ಮೂರು ವಾರ ಬಾಲರಾಜು ದಿನವೂ ಸಂಜೆ ಮೂತಿಯನ್ನು ತನ್ನ ಕಡೆ ತಿರುಗಿಸಿ ನಿಲ್ಲಿಸಲು ನೋಡಿದ. ಮೂರು ಎಣಿಸುವಷ್ಟು, ಐದು ಎಣಿಸುವಷ್ಟು, ಆಮೇಲೆ ಸೊಪ್ಪಿನೊಳಕ್ಕೆ. ಒಂದು ಬುಧವಾರ ಸಂಜೆ ಅದು ಗಾಳಿಯಲ್ಲಿ ಅವನ ಮುಖವನ್ನೇ ನೋಡುತ್ತ ಮೂವತ್ತು ಎಣಿಸುವವರೆಗೂ ನಿಂತಿತು. ಎಡಕ್ಕೆ ವಾಲಿತು, ಕೋಲು ಕೊಟ್ಟ. ಬಲಕ್ಕೆ ವಾಲಿತು, ಕೋಲು ಕೊಟ್ಟ. ಇಳಿಸಿದ ಮೇಲೆ ಸೈಟಿನ ಕಲ್ಲಿನ ಮೇಲೆ ಕೂತು, ಯಾರಿಗೆ ಹೇಳಲಿ ಎಂದು ನೋಡಿದ. ಲತಾಮಣಿ ಬಂದಳು. ಅವಳಿಗೂ ಒಂದು ಸಂತೋಷವಿತ್ತು.

"ಈಗೀಗ ಅಂಗಿ ಕೊಳೆ ಆಯ್ತಾ ಇಲ್ಲ ಕಣ್ರೀ. ಕೊನೆಗೂ ಕಲ್ತ್ರಿ ಅನ್ನಿ."

ಇನ್ನು ಬೇಲಿಯಾಚೆಯ ಸುದ್ದಿ. ವೆಂಕಟಲಕ್ಷ್ಮಮ್ಮನವರದು ಮೂವತ್ತು ವರ್ಷದ ರೇಷ್ಮೆ ಹುಳು ಸಾಕಣೆ. ಅವರ ಹುಳು ಮನೆಗೆ ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆಯದೆ ಅವರ ಗಂಡ ಕೂಡ ಬದುಕಿರುವವರೆಗೂ ಹೋದವರಲ್ಲ. ಬೀಡಿ ಸೇದಿದವರು ಹತ್ತಿರ ಸುಳಿಯುವಂತಿಲ್ಲ, ಹೊರಗಿನವರ ಕಣ್ಣು ಬೀಳುವಂತಿಲ್ಲ, ಹುಳು ಚೆನ್ನಾಗಿವೆ ಎಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಮಗ ಲೋಕೇಶ್ ಟೆಂಪೋದಲ್ಲಿ ಊರಿನವರ ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುತ್ತಾನೆ. ಅವನ ಹೆಂಡತಿ ಚೈತ್ರಾ ಬಂದು ಎಂಟು ತಿಂಗಳು. ರೇಷ್ಮೆ ಇಲಾಖೆಯ ತರಬೇತಿಗೆ ಹೋಗಿಬಂದವಳು, ಸೊಪ್ಪು ಬಿಡಿಸದೆ ಕಡ್ಡಿಯ ಸಮೇತ ಹಾಕಿದರೆ ಕೆಲಸ ಅರ್ಧವಾಗುತ್ತದೆ ಎಂದು ಅತ್ತೆಯನ್ನು ಬಿಡದೆ ಕಾಡಿ ಒಪ್ಪಿಸಿದ್ದಳು. "ಸರಿ, ಈ ಬೆಳೆ ನಿಂದು, ನೋಡೇಬುಡಾವ" ಎಂದು ಅತ್ತೆ ಹುಳು ಮನೆಯನ್ನು, ಹುಳು ಮೇಯಿಸುವ ಸ್ಟ್ಯಾಂಡುಗಳ ಸಮೇತ, ಅವಳಿಗೆ ಒಪ್ಪಿಸಿದ್ದರು. ಅದು ನಡೆದದ್ದು ಬಾಲರಾಜು ಮೂತಿ ತಿರುಗಿಸಲು ಕಲಿಯುತ್ತಿದ್ದ ಅದೇ ಮೂರು ವಾರ.

ಮೂವತ್ತು ಎಣಿಸಿದ ಮಾರನೆಯ ದಿನ, ಗುರುವಾರ, ಬಾಲರಾಜು ಬಸ್ಸಿಳಿದು ಬರುವಾಗ ಚೈತ್ರಾ ಬೇಲಿಯ ಹತ್ತಿರ ನಿಂತಿದ್ದಳು. ಕೈಯಲ್ಲೊಂದು ಹಿಪ್ಪುನೇರಳೆ ಕಡ್ಡಿ.

"ಮಾವ, ಒಸಿ ಇದನ್ನ ಮೂಸಿ ನೋಡಿ. ಏನೋ ಎಣ್ಣೆ ವಾಸ್ನೆ. ಬಾಗ್ಲು ಪಕ್ಕದ ಮೂರು ಸ್ಟ್ಯಾಂಡ್ ಹುಳು ಬೆಳಗ್ಗಿಂದ ಮೇವು ಬುಟ್ಟವೆ. ಅತ್ತೆ ಕೇಳುದ್ರೆ ನಿನ್ ತಲೆ ಎಣ್ಣೆ ವಾಸ್ನೆ ಅಂತಾರೆ. ಸಂಜೆ ಹೊತ್ತು ನೀವಿಲ್ಲೇ ಇರ್ತೀರಲ್ಲ, ಯಾರಾದ್ರೂ ಔಸ್ದಿ ಹೊಡುದ್ರಾ?"

ಬಾಲರಾಜು ಕಡ್ಡಿ ತೆಗೆದುಕೊಂಡು ಮೂಸಿದ. ಎಂಟು ತಿಂಗಳು ತನ್ನ ಎದೆಯ ಮೇಲೆ ಹೊತ್ತು ತಿರುಗಿದ ವಾಸನೆ ಅದು. ಅವನ ಅಂಗಿ ಯಾಕೆ ಮೂರು ವಾರದಿಂದ ಕೊಳೆಯಾಗುತ್ತಿರಲಿಲ್ಲ ಎಂಬುದೂ ಆ ಕ್ಷಣಕ್ಕೇ ಹೊಳೆಯಿತು. ಮೂತಿ ಇತ್ತ ಬಂದಾಗ ಬಾಲ ಎತ್ತ ಹೋಗುತ್ತದೆ? ಇಷ್ಟು ದಿನ ಅವನ ಮೇಲೆ ಬೀಳುತ್ತಿದ್ದ ಎಣ್ಣೆ ಎಲ್ಲಿಗೂ ಮಾಯವಾಗಿರಲಿಲ್ಲ. ಬೇಲಿ ಪಕ್ಕದ ಸಾಲುಗಳ ಮೇಲೆ ಇಬ್ಬನಿಯಂತೆ ಇಳಿದಿತ್ತು. ಆ ಸಾಲುಗಳ ಸೊಪ್ಪು ಬಾಗಿಲ ಪಕ್ಕದ ಸ್ಟ್ಯಾಂಡುಗಳಿಗೆ ಹೋಗಿತ್ತು.

ಇದೆಲ್ಲ ತಲೆಯೊಳಗೆ ಸರಿಯಾಗಿಯೇ ತಿರುಗಿತು. ಬಾಯಿ ಮಾತ್ರ ತಿರುಗಿಕೊಂಡಿತು.

"ಏನೂ ಇಲ್ವಲ್ಲವ್ವ. ಸೊಪ್ಪಿನ ವಾಸ್ನೇನೆ ಹಂಗೆ."

"ಹಂಗಂತೀರಾ?" ಎಂದಳು ಚೈತ್ರಾ. ದೊಡ್ಡವರು, ಮಷಿನ್ನು ತಿಳಿದವರು, ಸುಳ್ಳು ಹೇಳದವರು. ಅವಳು ಕಡ್ಡಿಯನ್ನು ಇನ್ನೊಮ್ಮೆ ಮೂಸಿ, ತನ್ನ ಮೂಗನ್ನೇ ಅನುಮಾನಿಸಿ, ಕುಡುಗೋಲು ತೆಗೆದುಕೊಂಡು ಅದೇ ಸಾಲಿಗೆ ಹೋದಳು.

ಹುಳು ಆಗ ನಾಲ್ಕನೇ ಜ್ವರ, ಎಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು, ಗೂಡು ಕಟ್ಟುವ ಮುಂಚಿನ ದೊಡ್ಡ ಹಸಿವಿನಲ್ಲಿದ್ದವು. ಹಸಿವು ಗೆದ್ದಿತು, ಒಲ್ಲದ ಸೊಪ್ಪನ್ನೂ ತಿಂದವು. ಶುಕ್ರವಾರ ಹಸಿರು ಕಕ್ಕಿದವು, ಶನಿವಾರ ಮೆತ್ತಗಾದವು, ಭಾನುವಾರ ಮೂರು ಸ್ಟ್ಯಾಂಡಿನ ಹುಳುವನ್ನು ಮಂಕರಿಯಲ್ಲಿ ಹೊತ್ತು ತಿಪ್ಪೆಯಾಚೆ ಗುಂಡಿ ತೋಡಿ ಹೂತರು. ಉಳಿದ ಸ್ಟ್ಯಾಂಡುಗಳು ಹೇಗೋ ಗೂಡು ಕಟ್ಟಿದವು. ಗುಂಡಿ ಮುಚ್ಚುತ್ತಿದ್ದವಳು ಚೈತ್ರಾ. ಬಾಲರಾಜು ಅಡುಗೆಮನೆಯ ಕಿಟಕಿಯಿಂದ ನೋಡಿದ, ಅಷ್ಟೆ.

ಸೋಮವಾರ ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲಿ ವೆಂಕಟಲಕ್ಷ್ಮಮ್ಮ ತೀರ್ಪು ಹೇಳಿದರು.

"ನಮ್ ಸೊಸೆ ಯಾವಳೋ ಗೆಳತಿ ಮದುವೆ ಅಂತ ಹೋಗಿ ಉಗುರಿಗೆ ಬಣ್ಣ ಬಳ್ಕೊಂಡ್ ಬಂದ್ಲು. ಆ ಕೈಲಿ ಸೊಪ್ಪಿಕ್ಕುದ್ರೆ ಹುಳು ಉಳೀತವಾ? ಮೂವತ್ತು ವರ್ಸದಲ್ಲಿ ಹಿಂಗಾಗಿರ್ನಿಲ್ಲ. ಇನ್ನು ಹುಳು ಮನೆ ಹೊಸ್ಲು ತುಳಿಯಂಗಿಲ್ಲ ಅಂದಿವ್ನಿ. ಟ್ರೇನಿಂಗು ಅಂತೆ ಟ್ರೇನಿಂಗು."

"ಓದ್ದೋರಿಗೆ ಹುಳು ಒಲಿಯಲ್ಲ ಬುಡಕ್ಕ" ಎಂದು ಸಾಲು ಸಮಾಧಾನ ಹೇಳಿತು. ಚೈತ್ರಾ ಹಿಂದೆ ಕ್ಯಾನು ಹಿಡಿದು ನಿಂತೇ ಇದ್ದಳು. ಅಂದು ಸಂಜೆ ಅವಳು ಜಗಲಿಯಲ್ಲಿ ಕೂತು ಹಳೇ ಬ್ಲೇಡಿನಿಂದ ಉಗುರು ಕೆರೆಯುತ್ತಿದ್ದುದನ್ನು ಬಾಲರಾಜು ಕಂಡ. ಬಣ್ಣ ಹೋದ ಮೇಲೂ ಕೆರೆಯುತ್ತಿದ್ದಳು.

ಅವನು ಹೆಲಿಕಾಪ್ಟರನ್ನು ಒರೆಸಿ ಅಟ್ಟಕ್ಕೇರಿಸಿದ. ಹಾರಿಸುವುದನ್ನು ನಿಲ್ಲಿಸಿದರೆ ಸಾಕು, ಮುಂದೆ ಯಾರಿಗೂ ತೊಂದರೆಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇಂಥ ಮಾತನ್ನು ನಾವು ತೀರಾ ಮೆಲ್ಲಗೆ ಹೇಳಿಕೊಳ್ಳುತ್ತೇವೆ, ನಮಗೇ ಕೇಳಿಸದಿರಲಿ ಎಂದು. ತಪ್ಪಿನ ಸ್ವಭಾವವೂ ರೇಷ್ಮೆ ಹುಳುವಿನದೇ. ಹುಟ್ಟಿದಾಗ ಸಾಸಿವೆ ಕಾಳಿನಷ್ಟು, ಊದಿದರೆ ಹಾರಿಹೋಗುವಷ್ಟು. ಗುರುವಾರವೇ "ಅಯ್ಯೋ, ನಂದೇ ಎಣ್ಣೆ ಕಣವ್ವ, ಆ ಸಾಲು ಬುಟ್ಬುಡು" ಎಂದಿದ್ದರೆ ಮುಗಿದಿತ್ತು. ಒಂದೊಂದು ಜ್ವರಕ್ಕೂ ಚರ್ಮ ಕಳಚಿ ದಪ್ಪವಾಗುತ್ತ, ವಾರ ಕಳೆಯುವುದರೊಳಗೆ ಅದು ರಾತ್ರಿ ಹಗಲು ಅವನನ್ನೇ ಮೇಯತೊಡಗಿತು. ಕಾರ್ಖಾನೆಯಲ್ಲಿ ಬೋಲ್ಟು ಅಡ್ಡ ಸಿಕ್ಕಿಸಿದ. ಲತಾಮಣಿ ಹರಳೆಣ್ಣೆ ಹಚ್ಚಿ ನೀರೆರೆಯುತ್ತೇನೆ ಎಂದಾಗ ಆ ಭಾನುವಾರ ಸ್ನಾನವನ್ನೇ ತಪ್ಪಿಸಿಕೊಂಡ. ಚೈತ್ರಾ ಎದುರು ಸಿಕ್ಕಾಗ "ಊಟ ಆಯ್ತಾ ಮಾವ" ಎನ್ನುತ್ತಿದ್ದಳು, ಮೊದಲಿನಂತೆಯೇ. ಅವಳು ಮೊದಲಿನಂತಿದ್ದದ್ದೇ ಅವನಿಗೆ ಭಾರವಾಗುತ್ತಿತ್ತು.

ಕೆಲವು ಮತಗಳಲ್ಲಿ ತಪ್ಪು ಹೇಳಿಕೊಳ್ಳಲು ಜಾಲರಿ ಹಾಕಿದ ಪೆಟ್ಟಿಗೆಯಿರುತ್ತದೆ. ಬಾಲರಾಜುವಿಗೆ ಚನ್ನಪಟ್ಟಣದಲ್ಲಿ ಒಂದು ಲೇತ್ ಇತ್ತು. ಎರಡನೆಯ ಶನಿವಾರ ರಜೆಯಲ್ಲಿ ಹೋಗಿ, ಸನಾವುಲ್ಲಾ ಗಿಲಕಿಗೆ ಹಸಿರು ಅರಗು ಒತ್ತುತ್ತಿದ್ದಾಗ, ಬೆನ್ನಿಗೆ ಹೇಳಿದ ಹಾಗೆ ಎಲ್ಲ ಹೇಳಿದ. ಸನಾವುಲ್ಲಾ ಲೇತ್ ನಿಲ್ಲಿಸಲಿಲ್ಲ.

"ಹೇಳ್ದೆ ಇದ್ರೆ ಏನಾಗ್ತದೆ?"

"ಏನೂ ಆಗಲ್ಲ. ಯಾರ್ಗೂ ಗೊತ್ತಾಗಲ್ಲ."

"ಹುಡುಗಿಗೆ?"

"ಇನ್ನೊಂದು ಹತ್ತು ದಿನಕ್ಕೆ ಹೊಸಾ ಹುಳು ಬತ್ತವೆ. ಅವ್ಳನ್ನ ಒಳಕ್ಕೆ ಸೇರ್ಸಲ್ಲ. ಅಲ್ಲಿಗೆ ಅವ್ಳ ಮಾತು ಆ ಮನೇಲಿ ಮುಗೀತು."

ಗಿಲಕಿ ಕಳಚಿಕೊಂಡು ಕೆಳಗೆ ಬಿತ್ತು. ಸನಾವುಲ್ಲಾ ಈಗ ಇವನ ಕಡೆ ತಿರುಗಿದ. "ಹೋಗಿ ಹೇಳು. ಆದ್ರೆ ಒಂದು ಕೇಳ್ಕೋ. ಎಣ್ಣೆ ಬಿದ್ದಿದ್ದು ಗೊತ್ತಿಲ್ದೆ. ನೀನು ಸುಳ್ಳು ಹೇಳಿದ್ದು ಗೊತ್ತಿದ್ದು. ಎಣ್ಣೆದು ಒಪ್ಕೊಳೋದು ಸಲೀಸು, ಎಲ್ರೂ ಪಾಪ ಅಂತಾರೆ. ಬರೀ ಅಷ್ಟನ್ನ ಹೇಳಿ ಬಂದ್ಬಿಟ್ಟು ನನ್ ಮುಂದೆ ಟೀ ಕುಡೀಬೇಡ."

ಬಾಲರಾಜುವಿಗೆ ಟೀ ಬಂದಿತ್ತು. ಕುಡಿಯದೆ ಎದ್ದ.

ಆದರೂ ಧೈರ್ಯ ಬರಲು ಇನ್ನೊಂದು ವಾರ ಹಿಡಿಯಿತು. ಗುರುವಾರದಿಂದ ಲೆಕ್ಕ ಹಾಕಿದರೆ ಹದಿನೇಳನೆಯ ದಿನ, ಭಾನುವಾರ, ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಪಕ್ಕದ ಮನೆಗೆ ಹೋದ. ಕಾಯಿಲೆಯವರನ್ನು ನೋಡಲು ಹೋಗುವವರ ಹಾಗೆ. ವೆಂಕಟಲಕ್ಷ್ಮಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು.

"ಅಕ್ಕ, ನಿಮ್ ಹುಳು ಸತ್ತಿದ್ದು ನನ್ನಿಂದ."

"ನಿನ್ನಿಂದ ಹೆಂಗಪ್ಪ? ನಮ್ ಹುಳು ಮನೆ ಬಾಗ್ಲು ಯಾವ್ ದಿಕ್ಕಿಗೈತೆ ಅಂತ್ಲೂ ನಿಂಗೊತ್ತಿಲ್ಲ."

"ಹೆಲಿಕಾಪ್ಟ್ರು."

"ಅದು ಹುಳುವ ಕಡೀತದಾ?"

"ಅದ್ರ ಹೊಗೇಲಿ ಹರಳೆಣ್ಣೆ ಬತ್ತದೆ ಅಕ್ಕ. ಬೇಲಿ ಪಕ್ಕದ ಸಾಲ್ಗೆ ಬಿದ್ದೈತೆ. ಅದ್ನ ತಿಂದು ಹೋದ್ವು."

ವೆಂಕಟಲಕ್ಷ್ಮಮ್ಮ ಮೊರ ಕೆಳಗಿಟ್ಟು ನಕ್ಕರು. "ಹರಳೆಣ್ಣೆ. ನಮ್ ಲೋಕೇಶಂಗೆ ತಿಂಗ್ಳಿಗೊಂದು ದಪ ಒಳಲೇಲಿ ಕುಡ್ಸಿ ಬೆಳ್ಸಿವ್ನಿ. ಹರಳೆಣ್ಣೆ ಕುಡುದ್ ಸತ್ತೋರು ಯಾರವ್ರೆ ಹೇಳು?" ಆಮೇಲೆ ಅವರ ದನಿ ಮೆತ್ತಗಾಯಿತು. "ನೀನು ಒಳ್ಳೇವ್ನು ಕಣ್ ಬಾಲ್ರಾಜ. ಆ ಹೆಣ್ಣು ಬೈಸ್ಕೊಳದ ನೋಡಕಾಗ್ದೆ ನಿನ್ ತಲೆ ಮ್ಯಾಲೆ ಹಾಕೊಂತಾ ಇದ್ದೀಯ. ನಿನ್ನಂತೋರು ಇರದ್ರಿಂದ್ಲೇ ಊರು ನಿಂತಿರದು. ಚೈತ್ರಾ, ಮಾವಂಗೆ ಕಾಪಿ ತತ್ತಾ."

ತಪ್ಪು ಒಪ್ಪಿಕೊಳ್ಳಲು ಹೋದವನಿಗೆ ಸನ್ಮಾನವಾಗಿತ್ತು. ಕಾಫಿ ತಂದ ಚೈತ್ರಾ ಲೋಟವನ್ನು ಅವನ ಮುಂದಿಟ್ಟಳು. ಮಾತೆಲ್ಲ ಒಳಗೆ ಕೇಳಿಸಿತ್ತು. ಅವಳು ಒಳಗೆ ಹೋಗದೆ ಬಾಗಿಲಿಗೆ ಒರಗಿ ನಿಂತಳು. ಈಗ ಸುಮ್ಮನಾಗಿಬಿಡಬಹುದಿತ್ತು. ಹೇಳಿದ್ದಾಯಿತು, ನಂಬಲಿಲ್ಲ, ಅದಕ್ಕೆ ಬಾಲರಾಜು ಏನು ಮಾಡಿಯಾನು? ಆ ಯೋಚನೆ ಬಂದದ್ದು ಸುಳ್ಳಲ್ಲ. ಕಾಫಿ ಆರುವಷ್ಟು ಹೊತ್ತು ಅಲ್ಲೇ ಇತ್ತು.

"ಅಕ್ಕ, ಒಂದು ಬಿಳೇ ಪಂಚೆ ತಕ್ಕೊಂಡು ಸಂಜೆ ಬೇಲಿ ತಾವ ಬನ್ನಿ" ಎಂದ ಕೊನೆಗೆ. "ಚೈತ್ರಾನೂ ಬರ್ಲಿ."

ಸಂಜೆ ಪಂಚೆಯನ್ನು ಹಿಪ್ಪುನೇರಳೆಯ ಸಾಲಿನ ಮೇಲೆ ಹೊದಿಸಿದರು. ಸುಮಾರು ಎರಡು ವಾರ ಅಟ್ಟದಲ್ಲಿದ್ದ ಯಂತ್ರ. ಬಾಲರಾಜು ಇಂಜಿನ್ನು ಎಬ್ಬಿಸಿ ಬೇಲಿ ದಾಟಿಸಿದ, ಬಾಲ ತನ್ನ ಕಡೆಗೆ. "ಹಿಂಗಿದ್ರೆ ಎಣ್ಣೆ ನನ್ ಮೇಲೆ ಬೀಳ್ತದೆ ಅಕ್ಕ." ನಿಧಾನವಾಗಿ ತಿರುಗಿಸಿದ. ಹಳದಿ ಚೆಂಡುಗಳು ಅತ್ತ ಹೋದವು, ಕೆಂಪು ಇತ್ತ ಬಂದವು. "ಹಿಂಗಿದ್ರೆ ನಿಮ್ ಸೊಪ್ಗೆ."

"ಅಂದ್ರೆ ನೀನು ಚೆಂದಾಗ್ ಕಲ್ತಷ್ಟೂ ನಂಗೆ ನಷ್ಟ" ಎಂದರು ವೆಂಕಟಲಕ್ಷ್ಮಮ್ಮ.

ಯಂತ್ರ ಗಾಳಿಗೆ ಅಲುಗಿತು. ಎಡಕ್ಕೆ ವಾಲಿತು. ಯೋಚಿಸಿದ, ಆದ್ದರಿಂದ ತಪ್ಪಿದ. ಅದು ಇನ್ನೂ ವಾಲಿ ಪಂಚೆಯ ಅಂಚು ಸವರಿತು. ಈಗ ಬಿದ್ದರೆ ತೋರಿಸಲು ಏನೂ ಉಳಿಯುವುದಿಲ್ಲ. ಅವನು ಒಳ್ಳೆಯವನಾಗಿಯೂ ಚೈತ್ರಾ ಕೆಟ್ಟವಳಾಗಿಯೂ ಉಳಿದುಬಿಡುತ್ತಾರೆ. ಬೀಳುವ ಕಡೆಗೆ ಕಡ್ಡಿ ಒತ್ತಿದ. ಎದ್ದಿತು. ಮತ್ತೆ ವಾಲಿತು, ಮತ್ತೆ ಒತ್ತಿದ. ಇಂಧನ ತೀರುವ ತನಕ ಅದನ್ನು ಅಲ್ಲಿಂದ ಕದಲಲು ಬಿಡಲಿಲ್ಲ. ಎಷ್ಟು ಎಣಿಸಿದನೋ ಅವನಿಗೇ ತಿಳಿಯಲಿಲ್ಲ; ಅವತ್ತು ಎಣಿಸಿಯೇ ಇರಲಿಲ್ಲ.

ಪಂಚೆ ತೆಗೆದಾಗ ಅದರ ಮೇಲೆ ಒಗ್ಗರಣೆ ಸಿಡಿದಂತೆ ಸಣ್ಣಗೆ ಕಂದು ಚುಕ್ಕೆ. ಚೈತ್ರಾ ಅದನ್ನು ಮೂಗಿನ ಹತ್ತಿರ ಹಿಡಿದಳು.

"ಇದೇ ಅತ್ತೆ. ನಾನವತ್ತು ಹೇಳಿದ್ದು ಇದೇ ವಾಸ್ನೆ."

ವೆಂಕಟಲಕ್ಷ್ಮಮ್ಮ ಮೂಸಿದರು. ಬೆರಳಿಗೆ ಅಂಟಿಸಿಕೊಂಡು ತಿಕ್ಕಿದರು. "ಹೂಂ, ನೀನು ಹೇಳಿದ್ದೆ" ಎಂದರು. "ತಲೆ ಎಣ್ಣೆ ಅಂದೆ ನಾನು. ಇದು ಹರಳೆಣ್ಣೆ ಅಲ್ಲ, ಹರಳೆಣ್ಣೆ ಹೆಣ." ಪಂಚೆ ಮಡಿಸುತ್ತ, ಸೊಸೆಯ ಮುಖ ನೋಡದೆ, "ನಾಡಿದ್ದು ಚಾಕಿ ಮರಿಹುಳು ಬತ್ತವೆ. ಸ್ಟ್ಯಾಂಡು ತೊಳ್ಸದು, ಕಾಗ್ದ ಹಾಸದು ನೀನೇ ನೋಡ್ಕೊ" ಎಂದರು. ಅವರ ಮಟ್ಟಿಗೆ ಅದು ಕ್ಷಮಾಪಣೆ.

ಚೈತ್ರಾ ಬಾಲರಾಜುವಿನತ್ತ ನೋಡುತ್ತಿದ್ದಳು. ಅತ್ತೆಗೆ ಗೊತ್ತಿಲ್ಲದ ಒಂದು ಮಾತು ಅವರಿಬ್ಬರ ನಡುವೆ ಇತ್ತು. ಅವನು ಹೆಲಿಕಾಪ್ಟರಿನ ಬಾಲ ಒರೆಸುವುದರಲ್ಲಿ ಮಗ್ನನಾದ.

"ಊರ ಮುಂದೆ ಅವ್ಳನ್ನ ಅಂದಿವ್ನಿ" ಎಂದರು ವೆಂಕಟಲಕ್ಷ್ಮಮ್ಮ. "ನಾನೇ ಹೋಗಿ ತಿರುಗ್ಸಿ ಹೇಳುದ್ರೆ ಸೊಸೆ ಮಂಕುಬೂದಿ ಎರಚವ್ಳೆ ಅಂತಾರೆ. ನಾಳೆ ಹೊತ್ತಾರೆ ಡೈರಿ ತಾವ ಬಂದು ನೀನೇ ಹೇಳು."

ಮರುದಿನ ಕಾರ್ಖಾನೆಗೆ ರಜೆ ಹಾಕಿ ಹೋದ. ಸಾಲಿನಲ್ಲಿ ಇಪ್ಪತ್ತು ಜನ. ಹೇಳಿದ. ಮ್ಯಾನೇಜರು, ಹರಳೆಣ್ಣೆ, ಬಾಲ, ಮೂತಿ, ಪಂಚೆ. ಅರ್ಧಕ್ಕೇ ಸಾಲು ನಗತೊಡಗಿತು.

"ಬಾಲ್ರಾಜಣ್ಣ, ಹುಳುಗೆ ಭೇದಿ ಮಾಡ್ಸಿ ಕೊಂದ್ಯಲ್ಲಾ."

"ಮುಂದಿನ್ ಸಲ ಒಳಲೇಲಿ ಕುಡ್ಸಪ್ಪ, ಮೇಲಿಂದ ಯಾಕ್ ಸುರೀತೀಯ."

"ವಿಮಾನ ದಾಳಿ ಆಗೈತೆ ಕಣ್ಲಾ ನಮ್ಮೂರ ಮೇಲೆ, ಪೇಪರ್ನೋರ್ಗೆ ಹೇಳ್ರಪ್ಪ."

ಬಾಲರಾಜು ಕೂಡ ನಕ್ಕ. ಎಷ್ಟು ಹಗುರಾಯಿತೆಂದರೆ, ಹದಿನೇಳು ದಿನದ ಭಾರ ಒಂದು ತಮಾಷೆಗೆ ಇಳಿದುಹೋಗಿತ್ತು. ಇನ್ನು ಹತ್ತು ವರ್ಷ ಊರಿನವರು ಈ ಕಥೆ ಹೇಳಿ ನಗುತ್ತಾರೆ, ಅವನೂ ನಡುನಡುವೆ ಸೇರಿಸಿ ಹೇಳುತ್ತಾನೆ. ಸಾಲಿನ ನಡುವೆ ಚೈತ್ರಾ ನಿಂತಿದ್ದಳು. ಎಲ್ಲರೂ ಅವಳ ಬೆನ್ನು ತಟ್ಟಿ "ಪಾಪ, ಹೆಣ್ಣನ್ನ ಸುಮ್ಕೆ ಅಂದ್ವಲ್ಲ" ಎನ್ನುತ್ತ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಕೋಪವೂ ಇರಲಿಲ್ಲ. ಅವನಿಂದ ಇನ್ನೇನೂ ಬರುವುದಿಲ್ಲ ಎಂದು ಕಾಯುವುದನ್ನು ಬಿಟ್ಟವರ ಮುಖ ಅದು.

"ಇನ್ನೊಂದೈತೆ" ಎಂದ ಬಾಲರಾಜು.

"ಇನ್ನೂ ಎಲ್ಲೆಲ್ಲಿ ಸುರುದಿದ್ಯೋ" ಎಂದರು ಯಾರೋ.

"ಹುಳು ಸಾಯದ್ಕಿಂತ ಮುಂಚೆ, ಬರೀ ಮೇವು ಬುಟ್ಟಿದ್ದಾಗ, ಚೈತ್ರಾ ಸೊಪ್ಪು ತಂದು ನನ್ ಕೈಗೇ ಕೊಟ್ಟು ಇದೇನು ವಾಸ್ನೆ ಅಂತ ಕೇಳಿದ್ಲು. ನಂಗೆ ಮೂಸಿದ್ ತಕ್ಷಣ ಗೊತ್ತಾಯ್ತು. ಏನೂ ಇಲ್ಲ ಅಂದ್ಬುಟ್ಟೆ. ಅವ್ಳು ನನ್ ಮಾತ್ ನಂಬಿ ಇನ್ನೆರಡು ದಿನ ಅದೇ ಸೊಪ್ ಹಾಕುದ್ಲು. ಅವತ್ತು ಹೇಳಿದ್ರೆ ಹುಳು ಉಳ್ಕೊತಿದ್ವು. ನೀವು ಅವ್ಳನ್ನ ಅಂದಿದ್ನೆಲ್ಲ ಕೇಳಿಸ್ಕೊಂಡು ಹದಿನೇಳು ದಿನ ಬಾಯ್ ಮುಚ್ಕೊಂಡಿದ್ದೆ."

ಸಾಲಿನ ನಗು ಒಬ್ಬೊಬ್ಬರಲ್ಲೇ ಆರಿತು. ಕ್ಯಾನಿನ ಮುಚ್ಚಳ ಯಾರದೋ ಕೈತಪ್ಪಿ ಉರುಳಿತು. ವೆಂಕಟಲಕ್ಷ್ಮಮ್ಮ ಅವನನ್ನು ದಿಟ್ಟಿಸಿ ನೋಡಿ, "ಇದ್ನ ನಂಗೆ ಹೇಳ್ನೇ ಇಲ್ವಲ್ಲ ನೀನು" ಎಂದರು. ಒಳ್ಳೇವ್ನು ಎಂಬ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುತ್ತಿರುವುದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು.

ಚೈತ್ರಾ ತನ್ನ ಸರದಿಗೆ ಹಾಲು ಸುರಿದಳು, ಚೀಟಿ ಇಸಿದುಕೊಂಡಳು. ಹಿಂತಿರುಗುವಾಗ ಅವನ ಮುಂದೆ ನಿಂತಳು.

"ಯಾಕ್ ಹಂಗಂದ್ರಿ ಮಾವ?"

ಹೇಳಲು ದೊಡ್ಡ ಕಾರಣಗಳೇನಾದರೂ ಇವೆಯೇ ಎಂದು ಅವನು ಹುಡುಕಿದ. ಇರಲಿಲ್ಲ.

"ಹಿಂದಿನ್ ದಿನಾನೇ ಕಣವ್ವ, ಮೊದಲ್ನೇ ಸಲ ನನ್ ಕಡೆ ಮುಖ ಮಾಡಿ ಮೂವತ್ತು ಎಣ್ಸೋಗಂಟ ನಿಂತಿತ್ತು. ಹೇಳುದ್ರೆ ಬುಡ್ಬೇಕಾಯ್ತದಲ್ಲ ಅನ್ನುಸ್ತು. ಆಮ್ಯಾಲೆ ಹೆಂಗೂ ಬುಟ್ಟೆ."

ಚೈತ್ರಾ ಅದನ್ನು ಯೋಚಿಸಿದಳು. ಅವನು ಹೇಳಿದ್ದು ಸುಳ್ಳಲ್ಲ ಎಂಬುದು ಅವಳಿಗೆ ತಿಳಿಯಿತೆಂದು ಕಾಣುತ್ತದೆ.

"ನಂದೂ ಮೊದಲ್ನೇ ಬೆಳೆ" ಎಂದಳು.

ಕ್ಯಾನು ಎತ್ತಿಕೊಂಡು ಹೊರಟಳು. ಅವಳಿಗೆ ಸ್ಟ್ಯಾಂಡು ತೊಳೆಯುವ ಕೆಲಸವಿತ್ತು. ಸಾಲು ಮುಂದೆ ಸರಿಯಿತು, ಹಿಂದಿನವರು ಬಾಲರಾಜುವನ್ನು ಬಳಸಿಕೊಂಡು ಹೋದರು. ಅವನು ಹಾಲು ತಂದಿರಲಿಲ್ಲ. ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.